ಹುಂಜದ ಮರಿಗಳನ್ನು ಏನು ಮಾಡುವುದು? ಬೇಗ ಮಾರುವುದಾ, ಹಾಗೇ ಬೆಳೆಸುವುದಾ, ಬೀಜ (ವೃಷಣ) ತೆಗೆಸುವುದಾ?

ಒಂದು ಹೇಂಟೆ 12 ಮೊಟ್ಟೆಗೆ ಕಾವು ಕೂತು 21ನೇ ದಿನಕ್ಕೆ 10 ಮರಿ ಮಾಡಿದರೆ ಅದರಲ್ಲಿ ಸುಮಾರು ಅರ್ಧ ಹುಂಜ. ಹೇಂಟೆ ಮರಿಗಳ ಬಗ್ಗೆ ಯಾರಿಗೂ ಚಿಂತೆ ಇಲ್ಲ. ಮೊಟ್ಟೆ ಇಡುತ್ತವೆ, ಇಟ್ಟುಕೊಳ್ಳುತ್ತೇವೆ. ಹುಂಜಗಳದ್ದೇ ಪ್ರಶ್ನೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಧಾರಾಳ ಸಾಕು. ಉಳಿದವನ್ನು ಏನು ಮಾಡುವುದು?

ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹೆಚ್ಚಿನ ಮನೆಗಳಲ್ಲಿ ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಮರಿಗಳು ಅಡಿಕೆ ತೋಟದಲ್ಲಿ ಕೆದಕಿಕೊಂಡು ಬೆಳೆಯುತ್ತವೆ. ಒಂದು ದಿನ ಬೆಳಗಿನ ಜಾವ 4 ಗಂಟೆಗೆ ಮೂರು ಹುಂಜ ಒಟ್ಟಿಗೆ ಕೂಗುತ್ತವೆ. ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತು ಹೋಗಿರುತ್ತದೆ. ಎರಡು ಹುಂಜ ಒಂದರ ತಲೆಯನ್ನು ಒಂದು ಕುಕ್ಕಿ ರಕ್ತ ಮಾಡಿಕೊಂಡಿರುತ್ತವೆ. ಆಗ ಅಂಗಡಿಗೆ ಫೋನ್ ಮಾಡಿ ಸಿಕ್ಕಿದ ರೇಟಿಗೆ ಕೊಟ್ಟುಬಿಡುತ್ತೇವೆ.

ಹದಿನೈದು ವರ್ಷದಿಂದ ಮನೆಯಲ್ಲಿ ಕೋಳಿ ಸಾಕುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನನಗೆ ಮನದಟ್ಟಾದ ವಿಷಯ ಒಂದೇ. ಹುಂಜದ ಮರಿಗೆ 6ರಿಂದ 8 ವಾರ ಆಗುವಾಗಲೇ ಅದು ಮುಂದೆ ಏನಾಗಬೇಕು ಅಂತ ತೀರ್ಮಾನ ಮಾಡಬೇಕು. ಬೀಜ ತೆಗೆಸುವುದಾದರೆ ಆ ವಯಸ್ಸು ದಾಟಿದರೆ ಅಪಾಯ ಜಾಸ್ತಿ. ಬೇರೆ ಗೂಡಿಗೆ ಹಾಕುವುದಾದರೂ ಆಗಲೇ ಹಾಕಬೇಕು. ಮರಿಯಾಗಿಯೇ ಕೊಡುವುದಾದರೆ ಆಗಲೇ ಕೇಳುವವರು ಇರುತ್ತಾರೆ. ನಾಲ್ಕು ತಿಂಗಳಾದ ಮೇಲೆ ನಮ್ಮ ಕೈಯಲ್ಲಿ ಆಯ್ಕೆಯೇ ಉಳಿಯುವುದಿಲ್ಲ.

ಮೊದಲು ಗುರುತು ಹಿಡಿಯಿರಿ

ಐದಾರು ವಾರಕ್ಕೆ ಗುರುತು ಸಿಗುತ್ತದೆ. ಹುಂಜದ ಮರಿಯ ಜುಟ್ಟು ದಪ್ಪಗಾಗಿ ಕೆಂಪಗೆ ತಿರುಗುತ್ತದೆ. ಹೇಂಟೆಯ ಜುಟ್ಟು ಚಿಕ್ಕದಾಗಿ, ಮಾಸಲು ಹಳದಿಯಾಗಿ ಇರುತ್ತದೆ. ಹುಂಜದ ಕಾಲು ದಪ್ಪ, ನಿಲುವು ನೆಟ್ಟಗೆ. ಎದೆ ಉಬ್ಬಿಸಿ ಜಗಳಕ್ಕೆ ನಿಲ್ಲುವುದನ್ನು ನೋಡಿ ಹುಂಜ ಅಂತ ಹೇಳಬೇಡಿ, ಹೇಂಟೆ ಮರಿಗಳೂ ಹಾಗೆ ಮಾಡುತ್ತವೆ. ಸೊಂಟದ ಮೇಲೆ ಉದ್ದ, ಚೂಪು ತುದಿಯ ಗರಿ ಬಂದರೆ ಸಂಶಯವೇ ಇಲ್ಲ, ಆದರೆ ಅದು ಬರುವಾಗ 10-12 ವಾರ ಆಗಿರುತ್ತದೆ. ನಾನು ಐದನೇ ವಾರದಲ್ಲಿ ಹುಂಜ ಅನಿಸಿದ್ದರ ಕಾಲಿಗೆ ಕೆಂಪು ನೂಲು ಸಡಿಲವಾಗಿ ಕಟ್ಟುತ್ತೇನೆ. ವಾರಕ್ಕೊಮ್ಮೆ ಬಿಚ್ಚಿ ಮತ್ತೆ ಕಟ್ಟಬೇಕು, ಇಲ್ಲದಿದ್ದರೆ ಕಾಲು ಬೆಳೆದು ನೂಲು ಬಿಗಿಯುತ್ತದೆ.

ತಳಿಯನ್ನೂ ನೋಡಿಕೊಳ್ಳಿ. ನಮ್ಮ ಊರಕೋಳಿ ಹುಂಜ ಐದಾರು ತಿಂಗಳಿಗೆ ಒಂದು, ಒಂದೂವರೆ ಕಿಲೋ ಬಂದರೆ ಒಳ್ಳೆಯ ಬೆಳೆವಣಿಗೆ. ಕಣ್ಣೂರು ಕಡೆಯ ಕಪ್ಪು ತಲಶ್ಶೇರಿ ಕೋಳಿಯೂ ಹಗುರ ಮೈಯದ್ದೇ. ಬೆಂಗಳೂರಿನ ಗಿರಿರಾಜ, ಹೈದರಾಬಾದಿನ ವನರಾಜ ದೊಡ್ಡ ಮೈಯವು, ಎರಡೂವರೆ ಮೂರು ಕಿಲೋ ದಾಟುತ್ತವೆ. ಮುಂದೆ ಹೇಳುವ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಎಂಟು ವಾರಕ್ಕೇ ಕೊಟ್ಟುಬಿಡುವುದು

ಮನೆಯ ಜಾಗ ಕಡಿಮೆಯಾ? ಕಾಸರಗೋಡು ಪೇಟೆ, ಕುಂಬಳೆ, ಉಪ್ಪಳದಂಥ ಕಡೆ ಪಕ್ಕದ ಮನೆಯ ಗೋಡೆಗೆ ತಾಗಿಕೊಂಡೇ ಗೂಡು ಇದೆಯಾ? ಹಾಗಾದರೆ ಇದೇ ಒಳ್ಳೆಯದು. ಸಾಕುವವರಿಗೆ ಮರಿಯಾಗಿಯೇ ಕೊಡಿ. ದುಡ್ಡು ಜಾಸ್ತಿ ಸಿಗುವುದಿಲ್ಲ, ಆದರೆ ಖರ್ಚು ಮಾಡಿದ್ದೂ ಕಮ್ಮಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿ ಕೊಟ್ಟರೆ ತೆಗೆದುಕೊಂಡವರು ಮುಂದಿನ ಸಲವೂ ನಿಮ್ಮಲ್ಲಿಗೇ ಬರುತ್ತಾರೆ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟನೇ ವಾರದ ಹೊತ್ತಿಗೆ ರೆಕ್ಕೆಯ ಬುಡಕ್ಕೆ ಸೂಜಿ. ಇದು ಯಾವ ದಾರಿ ಹಿಡಿದರೂ ತಪ್ಪಿಸಬಾರದ ಕೆಲಸ. ಆ ರೋಗ ಬಂದ ಹಟ್ಟಿಯಲ್ಲಿ ಯಾವ ಹೋಲಿಕೆಗೂ ಅರ್ಥ ಇಲ್ಲ, ಒಂದು ವಾರದಲ್ಲಿ ಗೂಡು ಖಾಲಿ.

ಐದು ತಿಂಗಳವರೆಗೆ ಹಾಗೇ ಬೆಳೆಸುವುದು

ಹೆಚ್ಚಿನ ಮನೆಗಳಿಗೆ ನಾನು ಹೇಳುವುದು ಇದನ್ನೇ. ಬೀಜ ತೆಗೆಸದೆ, ಆದರೆ ಹೇಂಟೆಗಳಿಂದ ಬೇರೆ ಮಾಡಿ, ನಾಲ್ಕೂವರೆಯಿಂದ ಐದು ತಿಂಗಳಿಗೆ ಮಾರುವುದು ಅಥವಾ ಮನೆಗೆ ಮಾಡುವುದು.

ಬೇರೆ ಮಾಡುವುದು ಅಂದರೆ ಹೇಂಟೆಗಳು ಕಣ್ಣಿಗೆ ಬೀಳದ ಜಾಗ. ಹುಂಜಗಳು ಹೊಡೆದಾಡುವುದು ಹೆಚ್ಚಾಗಿ ಹೇಂಟೆ ಎದುರಿಗಿದ್ದಾಗ. ಮರಿಯಿಂದಲೇ ಒಟ್ಟಿಗೆ ಬೆಳೆದ ಏಳೆಂಟು ಹುಂಜಗಳನ್ನು ಹಟ್ಟಿಯ ಹಿಂದೆ ಬಲೆ ಕಟ್ಟಿ ಬಿಟ್ಟರೆ ತಮ್ಮೊಳಗೆ ಮೇಲು ಕೆಳಗು ತೀರ್ಮಾನ ಮಾಡಿಕೊಂಡು ಸುಮ್ಮನಿರುತ್ತವೆ. ಒಂದಕ್ಕೆ ಕಮ್ಮಿ ಅಂದರೂ ಮೂರು ಚದರ ಅಡಿ ಜಾಗ ಬೇಕು. ನಡುವೆ ಹೊರಗಿನ ಹೊಸ ಹುಂಜವನ್ನು ತಂದು ಬಿಡಬೇಡಿ. ಒಂದು ಸಲ ಭಾವ ಕೊಟ್ಟರು ಅಂತ ಒಂದನ್ನು ಸಂಜೆ ತಂದು ಬಿಟ್ಟಿದ್ದೆ. ಬೆಳಿಗ್ಗೆ ನೋಡುವಾಗ ಅದು ಮೂಲೆಯಲ್ಲಿ ತಲೆ ಅಡಗಿಸಿ ನಿಂತಿತ್ತು, ಒಂದು ಕಣ್ಣು ಹೋಗಿತ್ತು. ಇವತ್ತಿಗೂ ಅದು ನನ್ನ ತಪ್ಪು ಅಂತಲೇ ಅನಿಸುತ್ತದೆ.

ತಿನ್ನಲು ಅಕ್ಕಿ ನುಚ್ಚು, ತೌಡು, ತೆಂಗಿನ ಹಿಂಡಿ ನಮ್ಮಲ್ಲಿ ಸುಲಭ. ಹಿಂಡಿಯನ್ನು ಹಿತಮಿತವಾಗಿ ಹಾಕಿ, ಅದೊಂದರಿಂದಲೇ ಮೈ ಕಟ್ಟುವುದಿಲ್ಲ. ಮಳೆಗಾಲದಲ್ಲಿ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ತೆಂಗಿನ ಬುಡಕ್ಕೆ ಹಾಕಿ, ಕೋಳಿಗೆ ಖಂಡಿತ ಬೇಡ, ಆ ಬೂಷ್ಟಿನ ವಿಷ ಕೋಳಿಯ ಲಿವರಿಗೆ ಹೋಗುತ್ತದೆ. ಮೀನು ಕೊಡುವುದಾದರೆ ಉಪ್ಪು ಹಾಕದೆ ಒಣಗಿಸಿದ್ದು ಮಾತ್ರ. ಉಪ್ಪುಮೀನಿನ ತಲೆ, ಮುಳ್ಳು ಎಲ್ಲ ಕೋಳಿಗೆ ಎಸೆಯುವ ಅಭ್ಯಾಸ ನಮ್ಮಲ್ಲಿದೆ. ಉಪ್ಪು ಜಾಸ್ತಿಯಾದರೆ ಕೋಳಿ ಸಾಯುತ್ತದೆ.

ಹಾಗಾದರೆ ಐದು ತಿಂಗಳೇ ಯಾಕೆ? ಗಂಡು ಹಾರ್ಮೋನು ಜೋರಾಗಿ ಏರುವುದು ಆ ಹೊತ್ತಿಗೆ. ಕೂಗು ಗಟ್ಟಿಯಾಗುತ್ತದೆ, ಕಾಲಿನ ಮುಳ್ಳು ಬರುತ್ತದೆ, ಮಾಂಸದ ಎಳೆ ದಪ್ಪವಾಗುತ್ತದೆ. ಓಡಾಟ, ಹೊಡೆದಾಟದಲ್ಲೇ ತಿಂದದ್ದೆಲ್ಲ ಖರ್ಚು. ಎಂಟು ತಿಂಗಳ ಹುಂಜವನ್ನು ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ತೊಡೆ ಹಲ್ಲಿಗೆ ಸಿಗದು. ಐದು ತಿಂಗಳದ್ದರಲ್ಲಿ ರುಚಿ ಬಂದಿರುತ್ತದೆ, ಗಟ್ಟಿಯಾಗಿರುವುದಿಲ್ಲ. ಕೋರಿ ರೊಟ್ಟಿಯ ತೆಳ್ಳಗಿನ ಸಾರಿಗೆ ನನ್ನ ಪ್ರಕಾರ ಇದನ್ನು ಮೀರಿಸುವ ಕೋಳಿ ಇಲ್ಲ. ಬ್ರಾಯ್ಲರಿನ ಮಾಂಸ ಮೆತ್ತಗಿರುವುದಕ್ಕೆ ಕಾರಣ ಅದು ಇನ್ನೂ ಮರಿ ಆಗಿರುವುದು. ಆರು ವಾರಕ್ಕೆ ಎರಡು ಕಿಲೋ ಆಗಿ ಅಂಗಡಿಗೆ ಬಂದಿರುತ್ತದೆ, ಮಾಂಸದಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಇನ್ನೂ ಬಂದಿರುವುದಿಲ್ಲ.

ಬೀಜ ತೆಗೆಸುವುದು

ಬ್ರಾಯ್ಲರು ಬೆಳೆಯದೆ ಮೆತ್ತಗೆ, ಹುಂಜ ಬೆಳೆದು ಗಟ್ಟಿ. ಬೀಜ ತೆಗೆದ ಹುಂಜ ಬೆಳೆದೂ ಮೆತ್ತಗೆ. ಇದಕ್ಕೆ ಕೇಪನ್ ಅನ್ನುತ್ತಾರೆ. ಫ್ರಾನ್ಸಿನಲ್ಲಿ ಕ್ರಿಸ್ಮಸ್ಸಿಗೆ ಇದೇ ಬೇಕು. ಅಲ್ಲಿನ ಬ್ರೆಸ್ ಎಂಬ ಸೀಮೆಯ ಕೇಪನ್ನು ಕಮ್ಮಿ ಅಂದರೆ 8 ತಿಂಗಳು ಬೆಳೆದಿರಬೇಕು ಅಂತ ನಿಯಮವೇ ಇದೆ. ಚೀನಾ, ವಿಯೆಟ್ನಾಂ ಕಡೆಯೂ ಹಬ್ಬಕ್ಕೆ ಇದನ್ನು ಬೆಳೆಸುತ್ತಾರೆ. ಆದರೆ ಬ್ರಿಟನ್ನಿನಲ್ಲಿ ಇದು ನಿಷೇಧ, ಹಕ್ಕಿಗೆ ನೋವು ಎಂಬ ಕಾರಣಕ್ಕೆ. ಆ ಕಾರಣ ಸುಳ್ಳಲ್ಲ. ಅದನ್ನು ತಿಳಿದುಕೊಂಡೇ ಮುಂದೆ ಓದಿ.

ಹೋರಿಗೆ ಬೀಜ ಒಡೆಸುವುದು ನಮಗೆ ಗೊತ್ತು. ಅದರ ಬೀಜ ಹೊರಗೆ ಚೀಲದಲ್ಲಿ ಇರುತ್ತದೆ, ಇಕ್ಕಳ ಹಾಕಿ ಒತ್ತಿದರೆ ಆಯಿತು. ಕೋಳಿಯಲ್ಲಿ ಹಾಗಲ್ಲ. ಬೀಜ ಎರಡೂ ಹೊಟ್ಟೆಯ ಒಳಗೆ, ಬೆನ್ನುಮೂಳೆಗೆ ಅಂಟಿಕೊಂಡು, ಮೂತ್ರಪಿಂಡದ ಮುಂದಿನ ತುದಿಯಲ್ಲಿ ಇರುತ್ತವೆ. ಎರಡರ ನಡುವೆ ದೊಡ್ಡ ರಕ್ತನಾಳ. ಹಾಗಾಗಿ ಇದು ನಿಜವಾದ ಆಪರೇಶನ್ನೇ. ಮನೆಯಲ್ಲಿ ಬ್ಲೇಡು ಹಿಡಿದು ಮಾಡುವ ಕೆಲಸ ಅಲ್ಲ.

ನಾಲ್ಕು ವರ್ಷದ ಹಿಂದೆ ಆರು ಗಿರಿರಾಜ ಹುಂಜದ ಮರಿಗಳಿಗೆ ಮಾಡಿಸಿದೆ. ಏಳು ವಾರದವು, ಮುಕ್ಕಾಲು ಕಿಲೋದ ಆಸುಪಾಸು. ಈ ಕೆಲಸ ಕಲಿತಿದ್ದ ಒಬ್ಬ ಪಶುವೈದ್ಯರು ಮನೆಗೇ ಬಂದಿದ್ದರು. ಹಿಂದಿನ ದಿನದಿಂದ ಮರಿಗಳಿಗೆ ತಿನ್ನಲು ಕೊಟ್ಟಿರಲಿಲ್ಲ. ಕರುಳು ತುಂಬಿದ್ದರೆ ಒಳಗೆ ಏನೂ ಕಾಣಿಸುವುದಿಲ್ಲ.

ಅಡಿಕೆ ಆರಿಸುವ ಮೇಜಿನ ಮೇಲೆ ಮರಿಯನ್ನು ಎಡಬದಿಗೆ ಮಲಗಿಸಿದರು. ರೆಕ್ಕೆ ನಾನು ಹಿಡಿದೆ, ಕಾಲು ಹಿಂದಕ್ಕೆ ಎಳೆದು ಮಗ ಹಿಡಿದ. ಕೊನೆಯ ಎರಡು ಪಕ್ಕೆಲುಬಿನ ಜಾಗದ ಪುಕ್ಕ ಕಿತ್ತು, ಔಷಧಿ ಸವರಿ, ಮರಿಯನ್ನು ತೂಗಿ ಲೆಕ್ಕ ಹಾಕಿದಷ್ಟೇ ಮರಗಟ್ಟುವ ಮದ್ದನ್ನು ಸಣ್ಣ ಸೂಜಿಯಲ್ಲಿ ಕೊಟ್ಟರು. ಹಕ್ಕಿಗೆ ಆ ಮದ್ದು ಸ್ವಲ್ಪ ಜಾಸ್ತಿಯಾದರೂ ಕಷ್ಟವಂತೆ. ಆಮೇಲೆ ಚರ್ಮವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಪಕ್ಕೆಲುಬಿನ ನಡುವೆ ಒಂದು ಇಂಚಿಗಿಂತ ಕಮ್ಮಿ ಗಾಯ. ಸಣ್ಣ ಕಮಾನಿನಂಥ ಸಾಧನ ಇಟ್ಟು ಎಲುಬು ಅಗಲ ಮಾಡಿದರು. ಒಳಗೆ ತೆಳ್ಳಗಿನ ಪೊರೆ, ನೀರುಳ್ಳಿಯ ಒಳಪದರದ ಹಾಗೆ. ಅದನ್ನು ಬಿಡಿಸಿ ಹಣೆಯ ಲೈಟು ಬಿಟ್ಟಾಗ ನನಗೂ ಕಂಡಿತು. ನೆನೆದ ಅಕ್ಕಿಯ ಗಾತ್ರದ, ಬೆಣ್ಣೆ ಬಣ್ಣದ ಒಂದು ಕಾಳು. ಪಕ್ಕದಲ್ಲೇ ರಕ್ತನಾಳ ಮಿಡಿಯುತ್ತಿತ್ತು. "ಇದನ್ನು ಇಡೀ ತೆಗೀಬೇಕು, ಒಂದು ಚೂರು ಉಳಿದ್ರೆ ಅದೇ ಬೆಳೀತದೆ" ಅಂದರು ಡಾಕ್ಟ್ರು. ಆಮೇಲೆ ಮರಿಯನ್ನು ತಿರುಗಿಸಿ ಇನ್ನೊಂದು ಬದಿಯದ್ದು. ಸರಿಸಿದ್ದ ಚರ್ಮ ಬಿಟ್ಟಾಗ ವಾಪಸು ಬಂದು ಗಾಯದ ಬಾಯಿಯನ್ನು ತಾನೇ ಮುಚ್ಚಿತು.

ಮೂರನೇ ಮರಿಯಲ್ಲಿ ನಾಳಕ್ಕೆ ತಾಗಿತು. ಅರ್ಧ ನಿಮಿಷವೂ ಆಗಲಿಲ್ಲ, ನನ್ನ ಕೈಯೊಳಗೇ ರೆಕ್ಕೆ ಸಡಿಲವಾಯಿತು. ಪಳಗಿದ ಕೈಯಲ್ಲೂ ಹೀಗೆ ಆಗುತ್ತದೆ. ಆರರಲ್ಲಿ ಒಂದು ಹೋಗುವುದು ನಿಮಗೆ ಒಪ್ಪಿಗೆ ಆಗದಿದ್ದರೆ ಈ ದಾರಿಗೆ ಹೋಗಬೇಡಿ. ಹೀಗೆ ಹೇಳಲು ನನಗೆ ಸಂಕೋಚ ಇಲ್ಲ.

ಉಳಿದ ಐದಕ್ಕೆ ಒಂದು ವಾರ ನೆಲದ ಮೇಲೆಯೇ ಒಣ ಹಾಸು. ಎತ್ತರದ ಕೋಲು ತೆಗೆದಿಟ್ಟೆ, ಹಾರಿದರೆ ಗಾಯ ಬಿಚ್ಚುತ್ತದೆ. ಗಂಜಿಯ ಅಗುಳು, ನೆನೆಸಿದ ನುಚ್ಚು ಕೊಟ್ಟೆ. ಎರಡನೇ ದಿನ ಎರಡು ಮರಿಗಳ ಪಕ್ಕೆ ಬಲೂನಿನ ಹಾಗೆ ಊದಿತ್ತು. ಒಳಗಿನ ಗಾಳಿ ಚರ್ಮದ ಅಡಿಗೆ ಬಂದು ಸೇರುವುದು ಅದು. ಡಾಕ್ಟ್ರು ತೋರಿಸಿಕೊಟ್ಟ ಹಾಗೆ ಶುದ್ಧ ಮಾಡಿದ ಸೂಜಿಯಿಂದ ಚರ್ಮಕ್ಕೆ ಮಾತ್ರ ಚುಚ್ಚಿ ಗಾಳಿ ಬಿಟ್ಟರೆ ಇಳಿಯುತ್ತದೆ. ಹತ್ತು ದಿನದಲ್ಲಿ ಎಲ್ಲ ಸರಿಯಾಯಿತು.

ಹದಿನಾಲ್ಕನೇ ವಾರಕ್ಕೆ ಐದರಲ್ಲಿ ಒಂದರ ಜುಟ್ಟು ಕೆಂಪಾಗತೊಡಗಿತು. ಚೂರು ಉಳಿದಿತ್ತು ಅಂತ ಅರ್ಥ. ಅದು ಕೂಗಿತು, ಹೇಂಟೆ ಹಿಂದೆ ಓಡಿತು, ಮಾಮೂಲು ಹುಂಜವೇ ಆಯಿತು. ಉಳಿದ ನಾಲ್ಕರ ಜುಟ್ಟು ಚಿಕ್ಕದಾಗಿ ಬಿಳುಚಿಕೊಂಡೇ ಉಳಿಯಿತು. ಕೂಗಿಲ್ಲ, ಜಗಳ ಇಲ್ಲ. ಕತ್ತಿನ ಗರಿ, ಬಾಲದ ಗರಿ ಮಾತ್ರ ಹುಂಜಕ್ಕಿಂತ ಚಂದ. ಒಂದು ವಿಷಯ ಹೇಳಲೇಬೇಕು. ಅದರಲ್ಲಿ ಒಂದು, ತಾಯಿಯನ್ನು ಕೀರಿ (ಮುಂಗುಸಿ) ಹಿಡಿದ ನಾಲ್ಕು ಮರಿಗಳನ್ನು ರಾತ್ರಿ ರೆಕ್ಕೆಯಡಿ ಇಟ್ಟುಕೊಂಡಿತು. ನಾನು ಕಲಿಸಿದ್ದಲ್ಲ. ಬೀಜ ತೆಗೆದ ಹುಂಜವನ್ನು ಮರಿ ಸಾಕಲು ಬಿಡುವುದು ಬೇರೆ ದೇಶಗಳಲ್ಲಿ ಹಳೆಯ ಪದ್ಧತಿಯೇ ಅಂತ ಆಮೇಲೆ ಓದಿ ತಿಳಿದೆ.

ಏಳೂವರೆ ತಿಂಗಳಿಗೆ ತೂಗಿದೆ. ಬೀಜ ತೆಗೆದದ್ದು 3 ಕಿಲೋ 400 ಗ್ರಾಂ. ಚೂರು ಉಳಿದು ಹುಂಜವಾದದ್ದು 3 ಕಿಲೋ 100. ಒಂದೇ ತಾಯಿ, ಒಂದೇ ತಿಂಡಿ. ಹಾಗಾಗಿ ಬೀಜ ತೆಗೆದರೆ ಕೋಳಿ ಎರಡು ಪಟ್ಟು ಬೆಳೆಯುತ್ತದೆ ಅನ್ನುವ ಮಾತನ್ನು ನಂಬಬೇಡಿ. ವ್ಯತ್ಯಾಸ ಇರುವುದು ಮಾಂಸದಲ್ಲಿ. ತೊಡೆಯ ಎಳೆಗಳ ನಡುವೆ ಕೊಬ್ಬು ಸಣ್ಣಗೆ ಹರಡಿತ್ತು. ಅಮ್ಮ ಅರ್ಧ ಸುಕ್ಕ ಮಾಡಿದರು, ಅರ್ಧ ಹಾಗೇ ಮೆಣಸು, ಉಪ್ಪು ಹಚ್ಚಿ ಕಾವಲಿಯಲ್ಲಿ ಹುರಿದರು. ಎಣ್ಣೆಯೇ ಹಾಕಲಿಲ್ಲ, ಅದರ ಕೊಬ್ಬಿನಲ್ಲೇ ಬೆಂದಿತು. ಎಲುಬಿನಿಂದ ಮಾಂಸ ತಾನೇ ಬಿಡುತ್ತಿತ್ತು. ಆದರೆ ತೆಳು ಸಾರಿಗೆ ಇದು ಆಗದು, ಮೇಲೆ ಕೊಬ್ಬು ತೇಲುತ್ತದೆ.

ಆಪರೇಶನ್ ಬೇಡ, ಹಾರ್ಮೋನ್ ಗುಳಿಗೆ ಇಟ್ಟರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಖಂಡಿತ ಬೇಡ. ಅಮೆರಿಕದಲ್ಲಿ ಹಿಂದೆ ಕೋಳಿಯ ಕತ್ತಿಗೆ ಹೆಣ್ಣು ಹಾರ್ಮೋನಿನ ಗುಳಿಗೆ ಇಡುತ್ತಿದ್ದರು. ಮಾಂಸದಲ್ಲಿ ಅದರ ಅಂಶ ಉಳಿಯುವುದು ತಿಳಿದು 1959ರಲ್ಲಿ ನಿಲ್ಲಿಸಿದರು. ಮಕ್ಕಳು ತಿನ್ನುವ ಮಾಂಸ ಅದು.

ದುಡ್ಡಿನ ಲೆಕ್ಕ

ಐದು ತಿಂಗಳ ಮೇಲೆ ದೊಡ್ಡ ಮೈಯ ಕೋಳಿ ದಿನಕ್ಕೆ 110 ಗ್ರಾಂ ಆಸುಪಾಸು ತಿನ್ನುತ್ತದೆ. ಇನ್ನು 90 ದಿನ ಸಾಕಿದರೆ 10 ಕಿಲೋ ತಿಂಡಿ. ಕಿಲೋಗೆ 40 ರೂಪಾಯಿ ಅಂತ ಹಿಡಿದರೂ 400 ರೂಪಾಯಿ. ಆ 90 ದಿನದಲ್ಲಿ ಏರುವ ತೂಕ ಹೆಚ್ಚೆಂದರೆ ಒಂದು ಕಿಲೋ. ತೋಟದಲ್ಲಿ ಬಿಟ್ಟು ಮೇಯಿಸಿದರೆ ಖರ್ಚು ಅರ್ಧ ಆಗಬಹುದು, ಸರಿ. ಆದರೆ ಡಾಕ್ಟ್ರ ಫೀಸು ಇದೆ, ಸತ್ತದ್ದರ ನಷ್ಟ ಇದೆ, ಹುಂಜವಾಗಿ ತಿರುಗಿದ್ದು ಇದೆ. ನಮ್ಮ ಅಂಗಡಿಗಳಲ್ಲಿ ಕೇಪನ್ನಿಗೆ ಬೇರೆ ರೇಟು ಇಲ್ಲ. ನಾಡನ್ (ಊರ) ಕೋಳಿ ಅಂತ ಒಂದೇ ತಕ್ಕಡಿಗೆ ಹಾಕುತ್ತಾರೆ. ಬಿಳುಚಿದ ಜುಟ್ಟು ನೋಡಿ ಸೀಕಿನ ಕೋಳಿಯಾ ಅಂತ ಕೇಳಿದ ವ್ಯಾಪಾರಿಯೂ ಇದ್ದಾನೆ. ಹಾಗಾಗಿ ಮಾರಾಟಕ್ಕೆ ಅಂತ ಬೀಜ ತೆಗೆಸುವುದಾದರೆ, ಮೊದಲು ಇದರ ರುಚಿ ಗೊತ್ತಿರುವ, ಎರಡು ಪಟ್ಟು ಕೊಡುವ ಗಿರಾಕಿಯನ್ನು ಹುಡುಕಿಕೊಳ್ಳಿ. ಗಿರಾಕಿ ಇಲ್ಲದಿದ್ದರೆ ಮನೆ ಖರ್ಚಿಗೆ ನಾಲ್ಕೈದಕ್ಕೆ ಸಾಕು.

ಊರಕೋಳಿಗೆ ಬೀಜ ತೆಗೆಸುವುದು ನನ್ನ ಮಟ್ಟಿಗೆ ದಂಡ. ಒಂದೂವರೆ ಕಿಲೋದ ಕೋಳಿಗೆ ಅಷ್ಟು ನೋವು, ಅಷ್ಟು ಖರ್ಚು ಯಾಕೆ? ದೊಡ್ಡ ತಳಿಗೆ ಮಾತ್ರ ಯೋಚಿಸಿ.

ಹರಕೆಯ ಹುಂಜ, ಬಿತ್ತನೆಯ ಹುಂಜ

ಇದರ ಲೆಕ್ಕವೇ ಬೇರೆ. ಹರಕೆಗೆ ಕೇಳಿಕೊಂಡು ಬರುವವರಿಗೆ ಚೆನ್ನಾಗಿ ಕೂಗುವ, ಕೆಂಪು ಜುಟ್ಟಿನ, ಮೈಯಲ್ಲಿ ಊನ ಇಲ್ಲದ ಹುಂಜವೇ ಬೇಕು. ಬೀಜ ತೆಗೆದದ್ದು ನಡೆಯುವುದಿಲ್ಲ. ತುಲಾ ಹತ್ತು (ಅಕ್ಟೋಬರ್ ಕೊನೆ) ಕಳೆದು ದೈವಗಳ ತೆಯ್ಯಂ, ನೇಮ ಶುರುವಾದ ಮೇಲೆ ಪತ್ತನಾಜೆಯವರೆಗೆ (ಮೇ ಕೊನೆ) ಕೇಳುವವರು ಇರುತ್ತಾರೆ. ಆ ಹೊತ್ತಿಗೆ ಏಳೆಂಟು ತಿಂಗಳಾಗುವ ಹಾಗೆ ಕಾವಿಗೆ ಕೂರಿಸಿದರೆ, ಅಂದರೆ ಬೇಸಿಗೆಯಲ್ಲಿ ಮರಿ ಮಾಡಿಸಿದರೆ, ಒಂದೆರಡು ಹುಂಜವನ್ನು ಅದಕ್ಕೇ ಇಟ್ಟುಕೊಳ್ಳಬಹುದು. ಆ ಮರಿಗಳು ಮಳೆಗಾಲ ದಾಟಬೇಕು ಅನ್ನುವುದು ನೆನಪಿರಲಿ. ಹಾಸು ಒದ್ದೆಯಾದರೆ ರಕ್ತಭೇದಿ ಗ್ಯಾರಂಟಿ.

ಕೋಳಿ ಅಂಕಕ್ಕೆ (ಕೋಳಿ ಕಾಳಗಕ್ಕೆ) ಕೇಳುವವರೂ ಬರುತ್ತಾರೆ, ಒಳ್ಳೆಯ ರೇಟೂ ಹೇಳುತ್ತಾರೆ. ನಾನು ಕೊಡುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ. ಕಾಯ್ದೆ ಇಲ್ಲದಿದ್ದರೂ ಕೈಯಾರೆ ನುಚ್ಚು ಹಾಕಿ ಬೆಳೆಸಿದ್ದರ ಕಾಲಿಗೆ ಬಾಳು (ಸಣ್ಣ ಕತ್ತಿ) ಕಟ್ಟಲು ನನಗೆ ಮನಸ್ಸಾಗದು.

ಬಿತ್ತನೆಗೆ ಇಡುವ ಹುಂಜ ಮಾತ್ರ ನಿಮ್ಮದೇ ಹೇಂಟೆಗಳ ಮರಿ ಆಗುವುದು ಬೇಡ. ನೆರೆಮನೆಯವರ ಜೊತೆ ಬದಲಾಯಿಸಿಕೊಳ್ಳಿ. ವರ್ಷ ವರ್ಷ ಒಂದೇ ರಕ್ತ ತಿರುಗಿದರೆ ಮರಿ ಒಡೆಯುವುದೇ ಕಮ್ಮಿಯಾಗುತ್ತದೆ.

ಈ ಸಲ ನಮ್ಮಲ್ಲಿ ಒಂಬತ್ತು ಹುಂಜದ ಮರಿಗಳಿವೆ, ಆರು ವಾರದವು. ಐದು ಊರಕೋಳಿ, ನಾಲ್ಕು ಗಿರಿರಾಜ. ಊರಕೋಳಿಯಲ್ಲಿ ಒಂದನ್ನು ಪಕ್ಕದ ಮನೆಯ ಅಕ್ಕನಿಗೆ ಬಿತ್ತನೆಗೆ ಕೊಡುವುದು, ಅವರದ್ದೊಂದನ್ನು ನಾನು ತರುವುದು ಅಂತ ಮಾತಾಗಿದೆ. ಉಳಿದ ನಾಲ್ಕು ಊರಕೋಳಿ ಹಟ್ಟಿಯ ಹಿಂದಿನ ಬಲೆಗೆ. ಗಿರಿರಾಜದಲ್ಲಿ ಎರಡಕ್ಕೆ ಬೀಜ ತೆಗೆಸುವುದು, ಎರಡನ್ನು ಹಾಗೇ ಬಿಡುವುದು. ಡಾಕ್ಟ್ರು ಬರುವ ಭಾನುವಾರ ಬರುತ್ತೇನೆ ಅಂದಿದ್ದಾರೆ. ಮಗ ಈಗ ಕಾಲೇಜಿನ ಹಾಸ್ಟೆಲಿನಲ್ಲಿ ಇದ್ದಾನೆ. ಹಾಗಾಗಿ ಈ ಸಲ ಕಾಲು ಹಿಡಿಯಲು ಅಮ್ಮ ನಿಲ್ಲುತ್ತಾರಂತೆ. ಶನಿವಾರ ಸಂಜೆಯಿಂದ ಆ ಎರಡು ಮರಿಗಳಿಗೆ ನುಚ್ಚು ಹಾಕಬಾರದು ಅಂತ ಗೂಡಿನ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ.